ಗೊರ್ಮ್‌ಲಾತಳ ಮೂರು ನೆಗೆತ

ಐರ್ಲೆಂಡಿನ ಹಳೆಯ ಪದ್ಯವೊಂದು ರಾಣಿ ಗೊರ್ಮ್‌ಲಾತಳ ಮೂರು ನೆಗೆತಗಳನ್ನು ಎಣಿಸುತ್ತದೆ: ಒಂದು ಡಬ್ಲಿನ್ನಿಗೆ, ಒಂದು ತಾರಾಕ್ಕೆ, ಒಂದು ಕ್ಯಾಶೆಲ್‌ಗೆ. ಇನ್ನೊಬ್ಬ ಹೆಣ್ಣು ಎಂದೆಂದಿಗೂ ಹೀಗೆ ನೆಗೆಯಲಾರಳು ಎಂಬ ಮಾತೂ ಅದರಲ್ಲಿ ಸೇರಿದೆ.

ಈ ಮೂರೂ ಊರುಗಳು ಸಿಂಹಾಸನಗಳು, ಮೂರೂ ನೆಗೆತಗಳು ಮದುವೆಗಳು. ಲೆನ್‌ಸ್ಟರ್ ರಾಜನ ಈ ಮಗಳು ಮೊದಲು ಡಬ್ಲಿನ್ನಿನ ವೈಕಿಂಗ್ ದೊರೆ ಓಲಾಫ್ ಕ್ವಾರಾನನ ಕೈ ಹಿಡಿದಳು. 980ರಲ್ಲಿ ತಾರಾ ಕದನದಲ್ಲಿ ಅವನ ಸೇನೆಯನ್ನು ತಾರಾದ ರಾಜ ಮಾಯಲ್ ಶೆಖ್ನಲ್ ಮುರಿದ; ಮರುವರ್ಷ ಓಲಾಫ್ ಅಯೋನಾ ದ್ವೀಪದ ಮಠದಲ್ಲಿ ತೀರಿಕೊಂಡ. ತಾರಾದ ನೆಗೆತವೆಂದರೆ ಗೆದ್ದ ಆ ಮಾಯಲ್ ಶೆಖ್ನಲ್‌ನೊಡನೆ ಆಯಿತೆನ್ನುವ ಮದುವೆ. ಅದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕ್ಯಾಶೆಲ್‌ನದು ಮನ್‌ಸ್ಟರಿನ ಬ್ರಿಯಾನ್ ಬೊರುವಿನೊಡನೆ. ಇದೇ ಬ್ರಿಯಾನ್ 999ರಲ್ಲಿ ಗ್ಲೆನ್‌ಮಾಮಾದಲ್ಲಿ ಲೆನ್‌ಸ್ಟರನ್ನೂ ಡಬ್ಲಿನ್ನನ್ನೂ ಸೋಲಿಸಿದ. ಸೋತ ಡಬ್ಲಿನ್ ದೊರೆ ಗೊರ್ಮ್‌ಲಾತಳಿಗೆ ಓಲಾಫನಿಂದ ಹುಟ್ಟಿದ ಮಗ ಸಿಟ್ರಿಕ್. ಅವನಿಗೆ ರಾಜ್ಯ ಮರಳಿಸಿ, ಬ್ರಿಯಾನ್ ಇನ್ನೊಬ್ಬ ಹೆಂಡತಿಯಲ್ಲಿ ಹುಟ್ಟಿದ ತನ್ನ ಮಗಳನ್ನೂ ಕೊಟ್ಟ. ತಾಯಿಯ ಗಂಡನೇ ಮಗನಿಗೆ ಮಾವನಾದ. ಕತ್ತಿ ಗೆದ್ದದ್ದನ್ನು ನಂಟಸ್ತಿಕೆಯಿಂದ ಬಿಗಿಯುವುದು ಆ ಕಾಲದ ರಾಜನೀತಿ.

ಆದರೆ ಆ ಗಂಟು ಬಿಚ್ಚುವುದೂ ಸುಲಭವಿತ್ತು. ಸುಮಾರು ಕ್ರಿ.ಶ. 700ರ ಐರಿಷ್ ವಿವಾಹಶಾಸ್ತ್ರ ವಿಚ್ಛೇದನವನ್ನು ಒಪ್ಪುತ್ತದೆ. ಹೆಂಡತಿ ತಂದ ಆಸ್ತಿಯ ಲೆಕ್ಕವನ್ನೂ ಇಡುತ್ತದೆ. ಮದುವೆಯಾದ ಹೆಣ್ಣಿಗೆ ತವರಿನ ಕುಲ ಕಳಚಿಹೋಗುತ್ತಿರಲಿಲ್ಲ. ರಾಣಿಯ ಬಲವೂ ಸಂಕಟವೂ ಅಲ್ಲೇ ಇದ್ದವು.

ಇದನ್ನು ಮನಮುಟ್ಟುವಂತೆ ತೋರಿಸುವುದು ಹನ್ನೆರಡನೆಯ ಶತಮಾನದ ಒಂದು ಯುದ್ಧಕಥನ. ಗೊರ್ಮ್‌ಲಾತಳ ಸೋದರ, ಲೆನ್‌ಸ್ಟರ್ ರಾಜ ಮಾಯಲ್ ಮೋರ್ದಾ, ಬ್ರಿಯಾನನ ಕಿಂಕೋರಾ ಅರಮನೆಗೆ ಹಡಗಿನ ಕೂವೆಮರಗಳನ್ನು ಕಪ್ಪವಾಗಿ ಹೊರಿಸಿಕೊಂಡು ಹೊರಟಿದ್ದಾನೆ. ದಾರಿಯಲ್ಲಿ ತಾನೂ ಹೆಗಲು ಕೊಡುತ್ತಾನೆ. ಬ್ರಿಯಾನನೇ ಉಡುಗೊರೆ ಕೊಟ್ಟಿದ್ದ ರೇಷ್ಮೆ ಅಂಗಿಯ ಬೆಳ್ಳಿ ಗುಂಡಿ ಕಿತ್ತುಬರುತ್ತದೆ. ಹೊಲಿದುಕೊಡೆಂದು ಸೋದರಿಯ ಕೈಗೆ ಅಂಗಿ ಕೊಟ್ಟರೆ, ಅವಳು ಅದನ್ನು ಬೆಂಕಿಗೆ ಎಸೆಯುತ್ತಾಳೆ. ನಮ್ಮ ಅಪ್ಪ, ಅಜ್ಜ ಯಾರಿಗೂ ಹೀಗೆ ಊಳಿಗ ಮಾಡಿದವರಲ್ಲ ಎಂದು ಹಂಗಿಸುತ್ತಾಳೆ. ಗಂಡನ ಅರಮನೆಯಲ್ಲಿ ನಿಂತು ತವರಿನ ಮಾನಕ್ಕಾಗಿ ಉರಿದ ಹೆಣ್ಣು ಅವಳು. ಬ್ರಿಯಾನನ ಮರಿಮಗನ ಕಾಲದಲ್ಲಿ ಅವನ ವಂಶದ ಕೀರ್ತಿಗಾಗಿ ಬರೆದ ಕಥೆಯಿದು; ಆದ್ದರಿಂದ ಮಾತು ಅವಳದೇ ಎನ್ನಲಾಗದು. ಆದರೂ ಹೊರಗೆ ಕೊಟ್ಟ ಹೆಣ್ಣಿನ ಮನಸ್ಸು ಬರೆದವನಿಗೆ ಗೊತ್ತಿತ್ತು.

ಲೆನ್‌ಸ್ಟರೂ ಡಬ್ಲಿನ್ನೂ ಬ್ರಿಯಾನನ ವಿರುದ್ಧ ಕಾದಿದ 1014ರ ಕ್ಲಾಂಟಾರ್ಫ್ ಯುದ್ಧದಲ್ಲಿ ಬ್ರಿಯಾನ್ ಮತ್ತು ಮಾಯಲ್ ಮೋರ್ದಾ ಇಬ್ಬರೂ ಸತ್ತರು. ಐಸ್‌ಲೆಂಡಿನ ನ್ಯಾಲನ ಕಥೆ ಗೊರ್ಮ್‌ಲಾತಳನ್ನೇ ಈ ಹಗೆಯ ಬೇರಾಗಿ ಚಿತ್ರಿಸಿತು. ನನಗೆ ಇದು ಅನ್ಯಾಯವೆನಿಸುತ್ತದೆ. ಲೆನ್‌ಸ್ಟರಿಗೂ ಡಬ್ಲಿನ್ನಿಗೂ ಬ್ರಿಯಾನನ ಮೇಲಾಳ್ವಿಕೆಯನ್ನು ಕಿತ್ತೊಗೆಯಲು ತಮ್ಮದೇ ಕಾರಣಗಳು ಬೇಕಾದಷ್ಟಿದ್ದವು. ಬ್ರಿಯಾನನ ಹೆಂಡತಿಯರೆಂದು ನಾಲ್ವರ ಹೆಸರು ಉಳಿದಿದೆ. ಅವನ ಮದುವೆಗಳನ್ನು ಯಾರೂ ನೆಗೆತವೆಂದು ಕರೆಯಲಿಲ್ಲ.

ಹದಿನೇಳನೆಯ ಶತಮಾನದ ವೃತ್ತಾಂತಕಾರರು ಮೂರು ನೆಗೆತಗಳ ಆ ಪದ್ಯವನ್ನು 1030ರ ಅವಳ ಸಾವಿನ ವರದಿಯ ಜೊತೆಗೇ ಬರೆದಿಟ್ಟರು. ಅವಳು ಸಾಯುವ ಹೊತ್ತಿಗೆ ಸಿಟ್ರಿಕ್ ಡಬ್ಲಿನ್ನಿನ ರಾಜನಾಗಿದ್ದ. ಬ್ರಿಯಾನನಿಂದ ಹುಟ್ಟಿದ ಅವಳ ಮಗ ಡೊನ್ಖದ್ ಮನ್‌ಸ್ಟರನ್ನು ಆಳುತ್ತಿದ್ದ.