ಪುಕ್ಕಟೆ ಸೌದೆಯ ಲೆಕ್ಕ

ಮಿತವ್ಯಯವು ಸದ್ಗುಣವೆಂದು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಮನೆಯಲ್ಲಿ ಒಬ್ಬನು ಉಳಿಸಿದ ಹಣವನ್ನು ಮತ್ತೊಬ್ಬಳು ತನ್ನ ದೇಹದಿಂದ ತೆರಬೇಕಾದರೆ ಅದನ್ನು ಉಳಿತಾಯವೆನ್ನಬಹುದೋ? ಈ ಪ್ರಶ್ನೆಯನ್ನು ಒಲೆಯ ಮುಂದೆ ಕೂತು ವಿಚಾರಿಸತಕ್ಕದ್ದು.

2016ನೇ ಇಸವಿಯ ಮೇ ತಿಂಗಳಲ್ಲಿ ಉಜ್ವಲಾ ಯೋಜನೆಯು ಆರಂಭವಾದಂದಿನಿಂದ ಅನೇಕ ಬಡ ಮನೆಗಳಿಗೆ ಗ್ಯಾಸಿನ ಒಲೆ ಬಂದಿದೆ. ಆದರೂ ಸಿಲಿಂಡರು ಬರಿದಾದ ಮೇಲೆ ಅದನ್ನು ಮೂಲೆಗಿಟ್ಟು ತಿರಿಗಿ ಸೌದೆಗೆ ಹೋಗುವವರುಂಟು. ಹಣವಿಲ್ಲದವರು ಹೀಗೆ ಮಾಡಿದರೆ ಅವರನ್ನು ದೂರುವದು ನ್ಯಾಯವಲ್ಲ. ಹಣವಿದ್ದೂ, ಸೌದೆ ಪುಕ್ಕಟೆ ಸಿಕ್ಕುವಾಗ ಗ್ಯಾಸು ಯಾಕೆ ಎನ್ನುವ ಯಜಮಾನನ ಸಂಗಡವೇ ನಮ್ಮ ವಾದ. ಪುಕ್ಕಟೆ ಯಾರಿಗೆ? ಹೊರೆ ಹೊರುವವಳ ಕತ್ತಿಗೂ, ಹೊಗೆಯಲ್ಲಿ ಒಲೆ ಊದುವವಳ ಕಣ್ಣಿಗೂ, ಆಕೆಯ ಮಗ್ಗುಲಲ್ಲಿರುವ ಕೂಸಿನ ಎದೆಗೂ ಅದು ಪುಕ್ಕಟೆಯಲ್ಲ. ಮನೆಯೊಳಗಿನ ಹೊಗೆಯ ದೆಸೆಯಿಂದ 2020ರಲ್ಲಿ ಲೋಕದಲ್ಲೆಲ್ಲಾ ಸುಮಾರು 32 ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಅಂದಾಜು ಮಾಡಿದ್ದಾರೆ. ಈ ವೆಚ್ಚವು ಯಜಮಾನನ ಪುಸ್ತಕದಲ್ಲಿ ಬರೆಯಲ್ಪಡುವದಿಲ್ಲ. ಅಂಥ ಮನೆಗಳಲ್ಲಿ ಬೀಡಿಯ ಖರ್ಚು ಮೊದಲು ಇಳಿದದ್ದನ್ನು ನಾವು ಕಂಡದ್ದೂ ಅಪೂರ್ವವೇ.

ಹಾಗಾದರೆ ಯಾರ ಮೇಲೂ ಭಾರ ಹೊರಿಸದ ಉಳಿತಾಯವಿಲ್ಲವೋ? ಉಂಟು. ಹಸಿ ಸೌದೆಯನ್ನು ಉರಿಸಿದರೆ ಶಾಖದ ಒಂದು ಪಾಲು ಅದರೊಳಗಿನ ನೀರನ್ನು ಆರಿಸುವದರಲ್ಲೇ ವ್ಯರ್ಥವಾಗುತ್ತದೆ, ಹೊಗೆಯೂ ಹೆಚ್ಚುತ್ತದೆ. ಆದಕಾರಣ ಮಳೆಗಾಲಕ್ಕೆ ಮುಂಚೆ ಅದನ್ನು ಸೀಳಿ ಒಣಗಿಸಿ ಸೂರಿನ ಕೆಳಗೆ ಒಟ್ಟತಕ್ಕದ್ದು. ಸೀಳುವ ಕೆಲಸ ಗಂಡಸರದಾಗಲಿ. ಹುರುಳಿ ಕಡಲೆಗಳನ್ನು ರಾತ್ರಿಯೇ ನೆನೆಹಾಕಿದರೆ ಬೇಗ ಬೇಯುತ್ತವೆ. ಕುದಿ ಬಂದ ಮೇಲೆ ಎಷ್ಟು ಉರಿ ಹಾಕಿದರೂ ನೀರು ಇನ್ನೂ ಬಿಸಿಯಾಗದು, ಬರೇ ಆವಿಯಾಗಿ ಹೋಗುವದು; ಮುಚ್ಚಳವಿಟ್ಟು ಉರಿಯನ್ನು ತಗ್ಗಿಸಿದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ಅಸ್ತ್ರ ಎಂಬ ಕೇಂದ್ರದವರು ಹಳ್ಳಿಯ ಮನೆಗಳಿಗೋಸ್ಕರ ಒಂದು ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆಯೆಂದೇ ಹೆಸರಾದ ಅದು ಒಂದೇ ಉರಿಯಿಂದ ಮೂರು ಪಾತ್ರೆಗಳನ್ನು ಕಾಯಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸುವದು. ಇಲ್ಲಿ ಸೌದೆಯೂ ಉಳಿಯಿತು, ಶ್ವಾಸವೂ ಉಳಿಯಿತು. ದೀಪದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ; 60 ವಾಟಿನ ಹಳೇ ಬಲ್ಬಿನಷ್ಟು ಬೆಳಕನ್ನು 9 ವಾಟಿನ ಎಲ್‌ಇಡಿ ಕೊಡುತ್ತದೆ.

ಇನ್ನು ಸಿಲಿಂಡರಿನ ಮಾತು. 14.2 ಕಿಲೋ ಗ್ಯಾಸಿನ ದೊಡ್ಡದಕ್ಕೆ ಒಮ್ಮೆಗೇ ಹಣ ಕೂಡದಿದ್ದರೆ 5 ಕಿಲೋವಿನ ಚಿಕ್ಕದೂ ಇರುತ್ತದೆ. ಸಂತೆಯ ದಿನ ಮನೆಗೆ ಬಂದ ಕೂಡಲೇ, ಬೇರೆ ಖರ್ಚಿಗೆ ಕೈಹಾಕುವದಕ್ಕೆ ಮುಂಚೆ, ಅದರ ಪಾಲನ್ನು ಒಂದು ಡಬ್ಬಿಯಲ್ಲಿ ಹಾಕಿರಿ; ಡಬ್ಬಿಯ ಬೀಗದಕೈಯು ಅಡಿಗೆ ಮಾಡುವವಳ ಸೆರಗಿನಲ್ಲಿರಲಿ.