ಎತ್ತರದಲ್ಲಿ ಕುಳಿತವನ ಹೊಣೆ

'ಉದಾಸೀನ' ಎಂಬ ಪದ ಇಂದಿನ ಕನ್ನಡದಲ್ಲಿ ಅಲಕ್ಷ್ಯವೆಂಬ ಅರ್ಥದಲ್ಲಿಯೇ ಹೆಚ್ಚಾಗಿ ಬಳಕೆಯಲ್ಲಿದ್ದರೂ, ಸಂಸ್ಕೃತದಲ್ಲಿ ಅದು 'ಉತ್' ಮತ್ತು 'ಆಸೀನ' ಎಂಬ ಎರಡು ಭಾಗಗಳು ಕೂಡಿ ಆದದ್ದು. ಮೇಲೆ, ತುಸು ಬೇರೆಯಾಗಿ ಕುಳಿತವನು ಎಂಬುದು ಅದರ ಅಕ್ಷರಾರ್ಥ. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯ ಕರ್ಮಗಳಿಗೆ ಕಟ್ಟುಬೀಳದ ಪರಮಾತ್ಮನನ್ನೂ, ಹದಿನಾಲ್ಕನೆಯ ಅಧ್ಯಾಯ ಗುಣಗಳ ಹೊಯ್ದಾಟಕ್ಕೆ ಕದಲದ ಜ್ಞಾನಿಯನ್ನೂ ಇಂಥವನಿಗೇ ಹೋಲಿಸುತ್ತವೆ. ಯಾರ ಪಕ್ಷವನ್ನೂ ಹಿಡಿಯದವನೇ ಉದಾಸೀನನೆಂದು ಶಂಕರರ ಭಾಷ್ಯ ವಿವರಿಸುತ್ತದೆ. ಮೇಲೆ ಕುಳಿತು ಎಲ್ಲವನ್ನೂ ಕಾಣುವವನು ಏನನ್ನೂ ಲೆಕ್ಕಿಸದವನಾಗಿ ಬಿಡುವ ಅಪಾಯವನ್ನು ಕನ್ನಡಿಗರ ಬಳಕೆ ತನಗೆ ತಿಳಿಯದೆಯೇ ಗುರುತಿಸಿದಂತಿದೆ. ಹಾಗಾದರೆ ಕಂಡವನಿಗೆ, ಕಂಡದ್ದರ ಹೊಣೆ ಇದೆಯೇ?

ಈ ಪ್ರಶ್ನೆಯನ್ನು ಗ್ರಂಥಗಳ ಹೊರಗೆ, ಮರದ ಹಲಗೆ ಮತ್ತು ಗಾಜಿನಲ್ಲಿ ಕಟ್ಟಿ ನಿಲ್ಲಿಸಿದಂತಿರುವ ಒಂದು ಮನೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಗೆ ಸಮೀಪದ ಡೆಸೊಲೇಶನ್ ಶಿಖರದ ಮೇಲಿದೆ. 6,102 ಅಡಿ ಎತ್ತರದ ಈ ಶಿಖರಕ್ಕೆ 'ಪಾಳು' ಎಂಬರ್ಥದ ಆ ಹೆಸರು ಬಂದದ್ದು 1926ರಲ್ಲಿ ಅದರ ಇಳಿಜಾರುಗಳನ್ನು ಸುಟ್ಟ ಕಾಡ್ಗಿಚ್ಚಿನಿಂದ. ಕೆಳಗಿನ ರಾಸ್ ಸರೋವರದ ದಂಡೆಯಿಂದ ನಾಲ್ಕು ಸಾವಿರ ಅಡಿಗೂ ಮಿಕ್ಕಿ ಏರಿ ಬರುವವರಿಗೆ ಅಲ್ಲಿ ಸಿಗುವುದು ಸುಮಾರು 14 ಅಡಿ ಚೌಕದ, ನಾಲ್ಕು ಕಡೆಯೂ ಕಿಟಕಿಗಳೇ ಆದ ಒಂದೇ ಕೋಣೆ. 1910ರ ಆಗಸ್ಟ್ 20 ಮತ್ತು 21ರಂದು ಐಡಹೊ, ಮೊಂಟಾನಾ ಪ್ರದೇಶಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಉರಿದು, 80ಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಬೆಂಕಿ ಆರಿಸಲು ಹೋದವರೇ, ಸತ್ತ ಬಳಿಕ ಆ ದೇಶದ ಶಿಖರಗಳಲ್ಲಿ ಹಬ್ಬಿದ ಕಾವಲುಮನೆಗಳ ಸಾಲಿಗೆ, 1930ರ ದಶಕದಲ್ಲಿ ಎದ್ದ ಈ ಮನೆಯೂ ಸೇರುತ್ತದೆ.

ಇಲ್ಲಿ ಬೇಸಿಗೆ ಕಳೆಯುವ ಕಾವಲುಗಾರನ ಕೆಲಸ ಭಾರತೀಯ ತರ್ಕಶಾಸ್ತ್ರದ ವಿದ್ಯಾರ್ಥಿಗೆ ತೀರ ಪರಿಚಿತ. ಕಂಡದ್ದರಿಂದ ಕಾಣದ್ದನ್ನು ಅರಿಯುವ ಅನುಮಾನವೆಂಬ ಪ್ರಮಾಣಕ್ಕೆ ನ್ಯಾಯದರ್ಶನ ಕೊಡುವ ಹೆಸರಾಂತ ನಿದರ್ಶನವೇ ಬೆಟ್ಟದ ಮೇಲಿನ ಹೊಗೆ: ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆಂಬ ನಿಯತ ಸಂಬಂಧವನ್ನು, ಅಂದರೆ ವ್ಯಾಪ್ತಿಯನ್ನು, ಅಡುಗೆಮನೆಯಲ್ಲಿ ಕಂಡು ತಿಳಿದವನು ಹೊಗೆಯೆಂಬ ಹೇತುವಿನಿಂದ ಬೆಟ್ಟದಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುತ್ತಾನೆ. ಮಂಜನ್ನೋ ಆವಿಯನ್ನೋ ಹೊಗೆಯೆಂದು ಬಗೆದರೆ ಹೇತುವೇ ಇಲ್ಲದ್ದಾಗಿ ಅನುಮಾನ ಕೆಡುತ್ತದೆ. ಮಳೆ ನಿಂತ ಮೇಲೆ ಕಣಿವೆಯಿಂದೇಳುವ ಮಂಜಿನ ಎಳೆಗಳನ್ನು ಹೊಗೆಯಿಂದ ಬೇರ್ಪಡಿಸಲು ಕಲಿಯುವುದು ಕಾವಲುಗಾರನ ಮೊದಲ ಪಾಠಗಳಲ್ಲೊಂದು ಎಂಬುದನ್ನು ನೆನೆದರೆ, ಪಾಠಶಾಲೆಯ ಒಣ ಉದಾಹರಣೆಯೆನಿಸಿದ್ದಕ್ಕೆ ಒಮ್ಮೆಲೇ ಜೀವ ಬರುತ್ತದೆ. ಆದರೆ ನ್ಯಾಯದ ನಿದರ್ಶನ 'ಬೆಟ್ಟದಲ್ಲಿ ಬೆಂಕಿಯಿದೆ' ಎಂಬಲ್ಲಿಗೆ ನಿಲ್ಲುತ್ತದೆ. ಕಾವಲುಮನೆಯಲ್ಲಿ ಕೆಲಸ ಆರಂಭವಾಗುವುದೇ ಅಲ್ಲಿಂದ. ಕೋಣೆಯ ನಡುವಿನ ಆಸ್ಬೋರ್ನ್ ಯಂತ್ರದ, ಅಂದರೆ ನಕ್ಷೆಯ ಸುತ್ತ ತಿರುಗುವ ದಿಕ್ಸೂಚಕ ಬಳೆಯ, ಕೂದಲೆಳೆಯನ್ನು ಹೊಗೆಗೆ ನೇರ ಹಿಡಿದು, ಕೋನವನ್ನು ಓದಿ ತಿಳಿಸಬೇಕು. ಇನ್ನೊಂದು ಶಿಖರದಿಂದ ಬಂದ ಕೋನದ ಗೆರೆ ಇದನ್ನು ಕತ್ತರಿಸುವಲ್ಲಿ ಬೆಂಕಿಯ ನೆಲೆಯಿದೆ. ಒಬ್ಬನ ನೋಟ ಎಷ್ಟೇ ಎತ್ತರದಿಂದ ಬಂದರೂ ದಿಕ್ಕನ್ನಷ್ಟೇ ಹೇಳಬಲ್ಲದು.

1956ರ ಬೇಸಿಗೆಯಲ್ಲಿ ಕಾದಂಬರಿಕಾರ ಜಾಕ್ ಕೆರೊವಾಕ್ ಇಲ್ಲಿ 63 ದಿನ ಕಾವಲಿದ್ದನು. ಬೌದ್ಧರು ಶೂನ್ಯತೆ ಎನ್ನುವ, ಯಾವ ವಸ್ತುವಿಗೂ ಸ್ವತಂತ್ರ ಸ್ವಭಾವವಿಲ್ಲವೆಂಬ ಅರಿವನ್ನು ಬಯಸಿ ಏರಿದ ಅವನಿಗೆ ದಕ್ಕಿದ್ದು ಬೇಸರವೂ ತನ್ನದೇ ಮನಸ್ಸಿನ ಸಂತೆಯೂ. ಅದನ್ನು ಮುಚ್ಚಿಡದೆ ಬರೆದದ್ದು ಅವನ ದೊಡ್ಡಗುಣ. ಅವನಿಗಿಂತ ಮೊದಲು, 1952 ಮತ್ತು 1953ರಲ್ಲಿ, ನೆರೆಯ ಶಿಖರಗಳಲ್ಲಿ ಕಾವಲಿದ್ದು ಮುಂದೆ ಜಪಾನಿನಲ್ಲಿ ಝೆನ್ ಅಭ್ಯಾಸ ಮಾಡಿದ ಕವಿ ಗ್ಯಾರಿ ಸ್ನೈಡರ್‌ನಿಗೆ ಕೆಲಸವೂ ಧ್ಯಾನವೂ ಬೇರೆಯಾಗಿ ತೋರಿದಂತಿಲ್ಲ.

ಹೊಣೆ ಹೊತ್ತು ನೋಡಿದವನೂ ತಪ್ಪಬಲ್ಲನೆಂಬುದನ್ನು ಇಲ್ಲಿ ಮರೆಯಲಾಗದು. ವರದಿಯಾದ ಪ್ರತಿ ಬೆಂಕಿಯನ್ನೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕೆಂದು ಅಮೆರಿಕದ ಅರಣ್ಯ ಸೇವೆ 1935ರಲ್ಲಿ ಮಾಡಿದ ನಿಯಮ ದಶಕಗಳ ಕಾಲ ನಡೆದು, ಆರಿಸಿದ ಸಣ್ಣ ಬೆಂಕಿಗಳು ಸುಡದೆ ಉಳಿಸಿದ ತರಗು, ಪೊದೆಗಳು ಮುಂದಿನ ದೊಡ್ಡ ಬೆಂಕಿಗೆ ಕೂಳಾದವು; ಬೆಂಕಿಯ ಕಾವಿಗೇ ಕಾಯಿ ಬಿರಿಯುವ ಪೈನ್ ಜಾತಿಗಳೂ ಆ ನಾಡಿನಲ್ಲಿವೆ. ಆ ನಿಯಮವನ್ನು 1970ರ ದಶಕದಲ್ಲಿ ಕೈಬಿಡಲಾಯಿತು. ಬೆಂಕಿಯೆಲ್ಲವೂ ವೈರಿಯೆಂಬ ತೀರ್ಮಾನವೂ ಒಂದು ಪಕ್ಷವೇ ಆಗಿತ್ತು. ಶಂಕರರು ಹೇಳುವ ಪಕ್ಷ ಹಿಡಿಯದಿರುವಿಕೆಯ ಅಗತ್ಯ ಕಾಣುವುದು ಇಲ್ಲಿ, ಹೊಗೆಯನ್ನು ಕಂಡೂ ಸುಮ್ಮನಿರುವಲ್ಲಲ್ಲ.

ಇಂಥ ಮನೆಗಳಲ್ಲಿ ಕಾಲುಗಳಿಗೆ ಗಾಜಿನ ಬಿಲ್ಲೆ ತೊಡಿಸಿದ ಪುಟ್ಟ ಮರದ ಮಣೆಯೊಂದು ಇರುತ್ತಿತ್ತು. ಗಾಜು ವಿದ್ಯುತ್ತನ್ನು ಹರಿಯಗೊಡದು. ಆದುದರಿಂದ ಸಿಡಿಲು ಶಿಖರವನ್ನೇ ಸುತ್ತಿಕೊಂಡಾಗ ಕಾವಲುಗಾರ ನೆಲದ ನಂಟು ತಪ್ಪಿಸಿಕೊಂಡು ಅದರ ಮೇಲೆ ನಿಲ್ಲುತ್ತಿದ್ದ, ಮತ್ತು ನಿಂತಲ್ಲಿಂದಲೇ ಸಿಡಿಲು ಎಲ್ಲೆಲ್ಲಿ ಬಡಿಯಿತೆಂದು ನೋಡುತ್ತಿದ್ದ.