ಮಣ್ಣಿನಲ್ಲಿ ಸಿಕ್ಕ ಹೊನ್ನು ಯಾರದು?

ಹಾಸನದಿಂದ ಮಾರನಹಳ್ಳಿಯವರೆಗಿನ ಹೆದ್ದಾರಿಯನ್ನು ಚತುಷ್ಪಥವಾಗಿಸುವ ಕಾಮಗಾರಿಗಾಗಿ ಸಕಲೇಶಪುರದ ಗುಡ್ಡಗಳನ್ನು ಯಂತ್ರಗಳು ಕಡಿದಿವೆ. ಕಾಫಿ ತೋಟಗಳಲ್ಲಿ ವರ್ಷವರ್ಷವೂ ಗುಂಡಿ ತೋಡುತ್ತೇವೆ, ಮನೆಗಳಿಗೆ ಪಾಯ ತೆಗೆಯುತ್ತೇವೆ. ನೆಲ ಅಗೆದಲ್ಲೆಲ್ಲ ನಮ್ಮ ಮಲೆನಾಡಿನಲ್ಲಿ ಹುಟ್ಟುವ ಮಾತೊಂದಿದೆ: 'ಇಲ್ಲೆಲ್ಲೋ ನಿಧಿ ಇದೆಯಂತೆ.' ಹಿಂದೆ ಅಂಜನ ಹಾಕಿ ನೋಡುವವರನ್ನು ಕರೆತರುತ್ತಿದ್ದರು. ಈಗ ಲೋಹಶೋಧಕ ಯಂತ್ರದ ಮಾತು ಕೇಳಿಬರುತ್ತದೆ.

ಈ ಮಾತು ಪೂರ್ತಿ ಕಟ್ಟುಕಥೆಯಲ್ಲ. ಬೇಲೂರು, ಹಳೇಬೀಡುಗಳನ್ನು ಕಟ್ಟಿದ ಹೊಯ್ಸಳರು ಚಿನ್ನದ ನಾಣ್ಯಗಳನ್ನು ಟಂಕಿಸಿದ್ದರು. ವಿಷ್ಣುವರ್ಧನನ ನಾಣ್ಯಗಳಲ್ಲಿ 'ತಳಕಾಡುಗೊಂಡ', 'ನೊಳಂಬವಾಡಿಗೊಂಡ' ಎಂಬ ಬಿರುದುಗಳು ಕನ್ನಡ ಅಕ್ಷರಗಳಲ್ಲೇ ಇವೆ. ನಾವು ದಿನವೂ ಬಳಸುವ 'ಹಣ' ಎಂಬ ಪದವೇ ಒಂದು ಕಾಲಕ್ಕೆ ಪುಟ್ಟ ಚಿನ್ನದ ನಾಣ್ಯದ ಹೆಸರು. ಬ್ಯಾಂಕುಗಳಿಲ್ಲದ ಕಾಲದಲ್ಲಿ ಯುದ್ಧಕ್ಕೂ ಕಳ್ಳರಿಗೂ ಹೆದರಿದ ಜನರು ಗಡಿಗೆಯಲ್ಲಿಟ್ಟು ಹೂಳುತ್ತಿದ್ದರು. ಹೂತವರು ಮರಳಿ ಬರಲಾಗದೆ ಹೋದಾಗ ಅದು ನೆಲದಲ್ಲೇ ಉಳಿಯಿತು. ಆದುದರಿಂದ ಪ್ರತಿಯೊಂದು ನಿಧಿಯ ಹಿಂದೆಯೂ ಯಾರದೋ ಭಯವಿದೆ, ಯಾರದೋ ನಷ್ಟವಿದೆ.

ಈಗ ಪ್ರಶ್ನೆಗೆ ಬರೋಣ. ಬೇರೊಬ್ಬರ ತೋಟದಲ್ಲಿ ಗುಂಡಿ ತೆಗೆಯುವ ಬಡ ಕಾರ್ಮಿಕನೊಬ್ಬನ ಗುದ್ದಲಿಗೆ ಹೊನ್ನಿನ ಗಡಿಗೆ ತಗುಲಿತೆನ್ನಿ. ಅದು ಯಾರದು? ಬೆವರು ಸುರಿಸಿದವನದೇ? ಜಮೀನಿನ ಒಡೆಯನದೇ? ಸರ್ಕಾರದ್ದೇ? ಹೂತವನು ಸತ್ತು ಶತಮಾನಗಳೇ ಕಳೆದಿರುವಾಗ ಇಟ್ಟುಕೊಂಡರೆ ಅದನ್ನು ಕಳವು ಎನ್ನಬಹುದೇ?

ಸಂತ ಥಾಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ಎಂದೂ ಯಾರಿಗೂ ಸೇರಿರದ, ಕಡಲತೀರದ ಹರಳಿನಂಥ ವಸ್ತು ಸಿಕ್ಕವನಿಗೇ ಸೇರುತ್ತದೆ. ಬಹುಹಿಂದೆ ಹೂತು ಒಡೆಯನಿಲ್ಲದಾದ ನಿಧಿಯೂ ಅಂತೆಯೇ. ಆದರೆ ಅದು ಪರರ ಹೊಲದಲ್ಲಿ ಸಿಕ್ಕರೆ, ಅಂದಿನ ಕಾನೂನಿನಂತೆ ಅರ್ಧ ಪಾಲು ಹೊಲದ ಒಡೆಯನದು. ಇತ್ತೀಚೆಗೆ ಒಬ್ಬರು ಕಳೆದುಕೊಂಡ ವಸ್ತುವನ್ನು ತನ್ನದಾಗಿಸಿಕೊಳ್ಳುವ ಉದ್ದೇಶದಿಂದ ಎತ್ತಿಕೊಂಡರೆ ಅದು ಕಳ್ಳತನವೇ. ಮತ್ತಾಯನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಹೊಲದಲ್ಲಿ ನಿಧಿ ಕಂಡವನು ಅದನ್ನು ಹೊತ್ತೊಯ್ಯದೆ, ತನ್ನದೆಲ್ಲವನ್ನೂ ಮಾರಿ ಆ ಹೊಲವನ್ನೇ ಕೊಂಡುಕೊಂಡದ್ದು ಇದಕ್ಕಾಗಿಯೇ ಎಂದು ಅವರು ವಿವರಿಸುತ್ತಾರೆ. ಯೇಸುಸ್ವಾಮಿ ಆ ಸಾಮತಿಯಲ್ಲಿ ಬೋಧಿಸಿದ್ದು ಆಸ್ತಿಯ ಕಾನೂನನ್ನಲ್ಲ, ಸ್ವರ್ಗಸಾಮ್ರಾಜ್ಯದ ಬೆಲೆಯನ್ನು. ಆದರೂ ಆ ಮನುಷ್ಯನು ನಿಧಿಗಾಗಿ ತನ್ನ ಸರ್ವಸ್ವವನ್ನೂ ತೆತ್ತನು ಎಂಬುದನ್ನು ಮರೆಯಬಾರದು.

ಸಂತ ಅಗಸ್ಟೀನರು ತಮ್ಮ ಪ್ರಬೋಧನೆಯೊಂದರಲ್ಲಿ ಮಿಲಾನ್ ನಗರದ ಘಟನೆಯೊಂದನ್ನು ಹೇಳುತ್ತಾರೆ. ಪಾಠಶಾಲೆಯೊಂದರಲ್ಲಿ ಕೆಳದರ್ಜೆಯ ಕೆಲಸಕ್ಕಿದ್ದ ಕಡುಬಡವನಾದ ಕ್ರೈಸ್ತನಿಗೆ ಸುಮಾರು ಇನ್ನೂರು ಚಿನ್ನದ ನಾಣ್ಯಗಳ ಚೀಲ ಸಿಕ್ಕಿತು. ಆತನು ಕಳೆದುಕೊಂಡವರು ಬಂದು ಪಡೆಯಲೆಂದು ಬಹಿರಂಗವಾಗಿ ಪ್ರಕಟಣೆ ಹಚ್ಚಿದನು. ಒಡೆಯನು ಬಂದು ಗುರುತು ಹೇಳಿದಾಗ ಚೀಲವನ್ನು ಹಾಗೆಯೇ ಒಪ್ಪಿಸಿದನು. ಒಡೆಯನು ಇಪ್ಪತ್ತು ನಾಣ್ಯ ಕೊಡಬಂದನು, ಆತನು ಒಲ್ಲೆನೆಂದನು. ಹತ್ತು, ಕಡೆಗೆ ಐದು, ಅದನ್ನೂ ಒಲ್ಲೆನೆಂದನು. 'ಹಾಗಾದರೆ ನಾನು ಏನನ್ನೂ ಕಳೆದುಕೊಂಡೇ ಇಲ್ಲ' ಎಂದು ಒಡೆಯನು ಸಿಟ್ಟಿನಿಂದ ಚೀಲವನ್ನೇ ಎಸೆದುಬಿಟ್ಟನು. ಸೋತ ಬಡವನು ಕೊಟ್ಟದ್ದನ್ನು ಸ್ವೀಕರಿಸಿ, ಒಂದನ್ನೂ ಮನೆಗೊಯ್ಯದೆ ಅಷ್ಟನ್ನೂ ಬಡವರಿಗೆ ಹಂಚಿದನು. ಸಿಕ್ಕದ್ದನ್ನು ಹಿಂದಿರುಗಿಸದವನು ಕದ್ದವನೇ ಎಂಬುದು ಅಗಸ್ಟೀನರ ಖಚಿತ ನಿಲುವು.

'ಗುರುಗಳೇ, ಅದು ಸಂತರ ಕಾಲದ ಮಾತು. ಸರ್ಕಾರಕ್ಕೆ ಒಪ್ಪಿಸಿದರೆ ಬಡವನ ಕೈಗೆ ಏನು ಬರುತ್ತದೆ?' ಎಂದು ಕೇಳುವವರಿದ್ದಾರೆ. ಈ ಸಂಶಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನ್ಯಾಯವಾದ ಪಾಲು ತಡವಿಲ್ಲದೆ ಸಿಗುವಂತಿದ್ದರೆ ಮಾತ್ರ ಸತ್ಯ ಹೇಳುವುದು ಬಡವನಿಗೆ ಸುಲಭವಾಗುತ್ತದೆ; ಅದು ಆಳುವವರ ಹೊಣೆ. 1878ರ ಭಾರತೀಯ ನಿಧಿ ಕಾಯ್ದೆ ಕೂಡ ಒಡೆಯನಿಲ್ಲದ ನಿಧಿಯಲ್ಲಿ ಮುಕ್ಕಾಲು ಪಾಲನ್ನು ಸಿಕ್ಕವನಿಗೂ ಕಾಲು ಪಾಲನ್ನು ಭೂಮಾಲಿಕನಿಗೂ ಇರಿಸಿತ್ತು. ನಮ್ಮ ರಾಜ್ಯಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಬಂದಿತು. ಸಿಕ್ಕ ನಿಧಿಯನ್ನು ಬಚ್ಚಿಡುವುದು ಅಪರಾಧ.

ಇದರಲ್ಲಿ ಸಮುದಾಯದ ಹಕ್ಕೂ ಇದೆ. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಎಂಬಲ್ಲಿ ನಿವೃತ್ತ ತೋಟಗಾರನೊಬ್ಬನು ರೈತನೊಬ್ಬನು ಕಳೆದುಕೊಂಡ ಸುತ್ತಿಗೆಯನ್ನು ಲೋಹಶೋಧಕದಿಂದ ಹುಡುಕುತ್ತಿದ್ದಾಗ ರೋಮನರ ಕಾಲದ ನಾಣ್ಯಗಳು ಕಂಡವು. ಆತನು ಎಲ್ಲವನ್ನೂ ಬಾಚಿಕೊಳ್ಳದೆ ಅಗೆಯುವುದನ್ನು ನಿಲ್ಲಿಸಿ ಸುದ್ದಿ ಮುಟ್ಟಿಸಿದನು. ಪುರಾತತ್ವಜ್ಞರು ಅಗೆದಾಗ ಸುಮಾರು ಹದಿನೈದು ಸಾವಿರ ನಾಣ್ಯಗಳು ದೊರೆತವು. ಅವನ್ನು ಹೇಗೆ ಜೋಡಿಸಿಡಲಾಗಿತ್ತೆಂಬುದೂ ತಿಳಿಯಿತು. ಆತನಿಗೆ ದೊರೆತ ಬಹುಮಾನದಲ್ಲಿ ರೈತನಿಗೂ ಪಾಲು ಸಂದಿತು. ಅದೇ ದೇಶದ ಹೆರೆಫರ್ಡ್‌ಶೈರಿನಲ್ಲಿ 2015ರಲ್ಲಿ ಇಬ್ಬರು ಸುಮಾರು ಮುನ್ನೂರು ನಾಣ್ಯಗಳಿದ್ದವೆಂದು ಅಂದಾಜಿಸಲಾದ ನಿಧಿಯನ್ನು ಬಚ್ಚಿಟ್ಟು ಮಾರತೊಡಗಿದರು. 2019ರಲ್ಲಿ ಅವರು ಸೆರೆಮನೆ ಸೇರಿದರು. ಹೆಚ್ಚಿನ ನಾಣ್ಯಗಳು ಮರಳಿ ಸಿಗಲಿಲ್ಲ. ಯಂತ್ರ ಒಂದೇ ಬಗೆಯದು. ಹಿಡಿದವರ ಮನಸ್ಸು ಬೇರೆ. ತಂತಿಸುರುಳಿಯಲ್ಲಿ ವಿದ್ಯುತ್ ಹರಿಸಿ, ನೆಲದೊಳಗಿನ ಲೋಹ ಕೊಡುವ ಪ್ರತಿಸ್ಪಂದನೆಯನ್ನು ಅದು ಗುರುತಿಸುತ್ತದೆ. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥ ಸಾಧನವನ್ನು ಬಳಸಿದ್ದು, ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ದೇಹದಲ್ಲಿದ್ದ ಗುಂಡನ್ನು ಹುಡುಕಲು, ಒಂದು ಜೀವ ಉಳಿಸಲು.

ಚಿನ್ನದ ಮೇಲೆಯೇ ಕಣ್ಣಿಟ್ಟವನಿಗೆ ಉಳಿದದ್ದು ಕಾಣುವುದಿಲ್ಲ. ನಿಧಿಗಳ್ಳರು ಹಳೆಯ ಗುಡಿಗಳ ಗರ್ಭಗೃಹ ಅಗೆಯುತ್ತಾರೆ, ವೀರಗಲ್ಲುಗಳನ್ನು ಕೀಳುತ್ತಾರೆ. ಅನ್ಯಧರ್ಮೀಯರ ಪೂಜಾಸ್ಥಳವೆಂದು ನಾವು ಸುಮ್ಮನಿರಲಾಗದು. ನೆರೆಯವನ ಪವಿತ್ರ ವಸ್ತುವನ್ನು ಗೌರವಿಸುವುದು ಪ್ರೀತಿಯ ಆಜ್ಞೆಗೆ ಸೇರಿದ್ದು. ನಿಧಿಯಾಸೆ ಇನ್ನೂ ಕೆಳಗಿಳಿದು ಮಾಟ, ಬಲಿಗಳವರೆಗೆ ಹೋಗುವುದರಿಂದಲೇ ನಮ್ಮ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿ ನಿಷೇಧ ಕಾಯ್ದೆಯು ನಿಧಿಗಾಗಿ ನಡೆಸುವ ಇಂಥ ಕೃತ್ಯಗಳನ್ನು ಹೆಸರಿಸಿ ತಡೆದಿದೆ. ಇದಕ್ಕೆ ಪ್ರತಿಯಾಗಿ, 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದದ್ದು ಅಶೋಕನ ಹೆಸರುಳ್ಳ ಶಾಸನ. ನಮ್ಮದೇ ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕದ್ದು ಕನ್ನಡದ ಬಹು ಪ್ರಾಚೀನ ಶಾಸನ. ಕೊಟ್ಟ ದಾನವನ್ನು ಕೆಡಿಸುವುದು ಮಹಾಪಾತಕವೆಂದು ಆ ಕಲ್ಲು ಎಚ್ಚರಿಸುತ್ತದೆ. ಕರಗಿಸಿ ಮಾರಲಾಗದ ಈ ಸಂಪತ್ತಿನಿಂದ ನಾಡಿಗೆಲ್ಲ ಲಾಭವಾಯಿತು.

ಪ್ರಿಯ ಕುಟುಂಬಗಳೇ, ನಮ್ಮಲ್ಲಿ ಹೊನ್ನಿನ ಗಡಿಗೆ ಸಿಗುವವರು ವಿರಳ. ಆದರೆ ಬಸ್ಸಿನಲ್ಲಿ ಬಿದ್ದ ಪರ್ಸು, ಅಂಗಡಿಯವನು ತಪ್ಪಾಗಿ ಹೆಚ್ಚು ಕೊಟ್ಟ ಚಿಲ್ಲರೆ, ಬೇಲಿ ಸರಿಸಿ ಒಳಗೆ ಹಾಕಿಕೊಂಡ ಅರ್ಧ ಗುಂಟೆ ನೆಲ — ಇವು ಎಲ್ಲರ ಕೈಗೂ ಸಿಗುವ ನಿಧಿಗಳು. 'ಯಾರೂ ನೋಡಲಿಲ್ಲ' ಎಂಬುದು ಏಳನೆಯ ಆಜ್ಞೆಗೆ ವಿನಾಯಿತಿಯಲ್ಲ. ಮಗು ದಾರಿಯಲ್ಲಿ ಸಿಕ್ಕ ಪೆನ್ನನ್ನು ಮನೆಗೆ ತಂದಾಗ, 'ಅದು ಯಾರದಿರಬಹುದು, ನಾಳೆ ಶಾಲೆಯಲ್ಲಿ ಕೇಳೋಣ' ಎಂದು ಹೇಳುವ ತಾಯಿತಂದೆಯರು ಮಿಲಾನಿನ ಆ ಬಡವನ ದಾರಿಯಲ್ಲಿಯೇ ಮಗುವನ್ನು ನಡೆಸುತ್ತಿದ್ದಾರೆ.